ಫ್ಲೆಕ್ಸ್‌ನಲ್ಲಿ ನನ್ನ ಫೋಟೋ

ಗೋವಿಂದರಾಜನಗರ
ಸಂಜೆ ಆರು ಗಂಟೆ

ಅಣ್ಣನಿಗೆ ನಮಸ್ಕಾರ.

ಇವತ್ತು ಮಾರೇನಹಳ್ಳಿಯ ನಮ್ಮ ಕ್ರಾಸ್‌ವರೆಗೆ ಬಂದವಳು ಮನೆಗೆ ಬಾರದೆ ಹಿಂತಿರುಗಿದೆ. ನೀನು ಹಾಕಿಸಿರುವ ಶ್ರದ್ಧಾಂಜಲಿ ಫ್ಲೆಕ್ಸ್‌ನಲ್ಲಿ ಅಮ್ಮನ ಫೋಟೋಗಿಂತ ಮೈಕ್ ಹಿಡಿದ ನನ್ನ ಫೋಟೋ ದೊಡ್ಡದಾಗಿದೆ. ದಯವಿಟ್ಟು ಅದನ್ನು ತೆಗೆಸು.

ಪಕ್ಕದ ಮನೆಯ ಜಗದಾಂಬಾ ಆಂಟಿ ಅಲ್ಲೇ ಸಿಕ್ಕಿದ್ದರು. "ನಿಮ್ಮಮ್ಮನ್ನ ಕೊನೇ ದರ್ಶನಕ್ಕೆ ಕೂರಿಸಿದ್ದ ಹಾಲ್‌ನಲ್ಲೇ ನಿಮ್ಮಣ್ಣ ಟಿವಿ ಹಾಕಿದ್ದ ಕಣೇ. ಬಂದೋರಿಗೆಲ್ಲ, ನೋಡಿ ನಮ್ಮ ಸೌಮ್ಯ, ಗೋವಾದಿಂದ ಲೈವು ಅಂತಿದ್ದ" ಎಂದರು.

ಅಮ್ಮ ಹೋಗಿದ್ದು ಬೆಳಿಗ್ಗೆ. ನೀನು ನನಗೆ ಫೋನ್ ಮಾಡಿದ್ದು ನಾನು ಕಾಮೆಂಟರಿ ಹೇಳುತ್ತಿದ್ದ ಫುಟ್‌ಬಾಲ್ ಮ್ಯಾಚ್ ಮುಗಿದ ಮೇಲೆ, ಮಣ್ಣು ಮಾಡಿ ಬಂದ ಮೇಲೆ. "ನಿನ್ನ ಕೆಲಸ ಕೆಡಬಾರ್ದು ಅಂತ ಹೇಳ್ಲಿಲ್ಲ ಕಣೇ" ಅಂದೆ. ಯಾರೋ ಗೋಲು ಹೊಡೆದರೆಂದು ನಾನು ನಗುತ್ತಿದ್ದದ್ದನ್ನು ಎಲ್ಲರೂ ಅಮ್ಮನ ಮುಂದೆ ಕೂತು ನೋಡಿದ್ದಾರೆ.

ನಾನು ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದಾಗ, ನೀನು ಭಾರತ ತಂಡದ ಕ್ಯಾಂಪಿನಿಂದ ನನ್ನನ್ನು ನಿನ್ನ ನಿಶ್ಚಿತಾರ್ಥಕ್ಕೆ ಕರೆಸಿಕೊಂಡೆ. "ಬಂದೋರಿಗೆ ಕಾಫಿ ಕೊಡೋರ್ ಯಾರು? ಬಾಲ್ ಒದೆಯೋದು ಇದ್ದಿದ್ದೇ" ಅಂದಿದ್ದೆ. ಆ ತಂಡಕ್ಕೆ ನನ್ನನ್ನು ಮತ್ತೆ ಕರೆಯಲಿಲ್ಲ. ಆಡಬೇಕಾದವಳು ಬೇರೆಯವರ ಆಟದ ಬಗ್ಗೆ ಮಾತಾಡುವವಳಾದೆ. ಕಾಫಿ ಕೊಡಲು ಬಿಟ್ಟು ಬರಬಹುದಾಗಿದ್ದ ಆಟ, ಅಮ್ಮ ಹೋದಾಗ ಬಿಟ್ಟು ಬರಲಾಗದಷ್ಟು ದೊಡ್ಡದಾಯಿತೇ?

ಅಮ್ಮನ ಕನ್ನಡಕವನ್ನು ಯಾರಿಗೂ ಕೊಡಬೇಡ. ಆಂಟಿಯ ಹತ್ತಿರ ಇಟ್ಟಿರು, ಬಂದು ತೆಗೆದುಕೊಂಡು ಹೋಗುತ್ತೇನೆ.

ನಾಳೆ ಅಮ್ಮನ ಹೆಸರಿನ ಶಿವಗಣಾರಾಧನೆ. ನನಗೆ ಯಾವ ಮ್ಯಾಚೂ ಇಲ್ಲ. ಆದರೂ ಊಟಕ್ಕೆ ನನ್ನ ಎಲೆ ಹಾಕಿಸಬೇಡ.

ನಿನ್ನ ತಂಗಿ
ಸೌಮ್ಯಶ್ರೀ