ವಾಟರ್ ಪಾರ್ಕಿನಲ್ಲಿ ಮಧ್ಯಾಹ್ನದ ನಿದ್ದೆ

ಅರಸೀಕೆರೆ
12 ಮೇ 2025

ಚಿ. ಸೌ. ನಂದಿತಾಳಿಗೆ,

ನಿನ್ನ ಅತ್ತೆ ಪುಷ್ಪಲತಾಳ ತುಂಬು ಮನಸ್ಸಿನ ಆಶೀರ್ವಾದ. ನೀನು ಮಕ್ಕಳನ್ನು ಕರೆದುಕೊಂಡು ಬೇಲೂರಿನ ತವರು ಸೇರಿ ಎರಡು ವರ್ಷವಾಗುತ್ತಾ ಬಂತು. ಆದರೂ ನಾನು ಅತ್ತೆ ಅಂತಲೇ ಬರೆದುಕೊಳ್ಳುತ್ತೇನೆ, ಬೇಡ ಅನ್ನಬೇಡ. ಮಕ್ಕಳನ್ನು ವಾಪಸು ಬಿಟ್ಟು ಇಷ್ಟು ದಿನವಾದರೂ ಒಂದು ಅಕ್ಷರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನು ಇದೆ, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ" ಅನ್ನುವಷ್ಟರಲ್ಲೇ ಇಟ್ಟುಬಿಡುತ್ತೇವೆ. ನಮ್ಮ ಕೊಬ್ಬರಿ ಮಂಡಿಯ ಲಕ್ಷ್ಮೀಶ ನಾಳೆ ಬೇಲೂರಿಗೆ ಬರುತ್ತಾನಂತೆ. ಲಾಸ್ಯ ಮರೆತು ಹೋದ ಹಳದಿ ಫ್ರಾಕಿನ ಜೊತೆ ಈ ಕಾಗದವನ್ನೂ ಕೊಟ್ಟು ಕಳಿಸುತ್ತಿದ್ದೇನೆ.

ಮೊದಲು ದೊಡ್ಡ ಸುದ್ದಿ. ನಿನ್ನ ಪರೀಕ್ಷೆಯಲ್ಲಿ ನಾವು ಪಾಸಾದೆವು. ಮಕ್ಕಳಿಗೆ ಜ್ವರವಿಲ್ಲ, ವಾಂತಿಯಿಲ್ಲ, ರಂಪವಿಲ್ಲ. ಹೋದ ಬೇಸಿಗೆಯಲ್ಲಿ ನನ್ನ ಮಗರಾಯ ಶಶಿಕಿರಣ ಇಬ್ಬರನ್ನೂ ಹಳೇಬೀಡಿಗೆ ಕರೆದುಕೊಂಡು ಹೋಗಿ, ಅಪ್ಪನ ಪ್ರೀತಿಯನ್ನೆಲ್ಲ ಒಂದೇ ದಿನದಲ್ಲಿ ತೋರಿಸಿಬಿಡುವವನ ಹಾಗೆ ಉರಿಬಿಸಿಲಲ್ಲಿ ಸುತ್ತಿಸಿ, ಲಾಸ್ಯಳನ್ನು ಸುಡುವ ಮೈಯಲ್ಲಿ ನಿನ್ನ ಕೈಗಿತ್ತದ್ದು ನನಗೆ ಮರೆತಿಲ್ಲ. "ಅತ್ತೆ, ಇನ್ನೊಂದು ಸಲ ಹೀಗಾದ್ರೆ ನಾನು ಮಕ್ಕಳನ್ನ ಕಳ್ಸಲ್ಲ" ಅಂತ ನೀನು ಹೇಳಿದ್ದು ನ್ಯಾಯವೇ. ಅದಕ್ಕೇ ಈ ಸಲ ಮೈಸೂರಿನ ಹತ್ತಿರ ವಾಟರ್ ಪಾರ್ಕಿಗೆ ಅಂದಾಗ, ಯಜಮಾನಿಕೆ ನನ್ನದು ಅಂತ ಟೊಂಕಕಟ್ಟಿ ನಿಂತೆ.

ಹಿಂದಿನ ಸಂಜೆಯೇ ಹೊರಟು ಮೈಸೂರಿನ ಮಠದ ಅತಿಥಿಗೃಹದಲ್ಲಿ ಉಳಿದೆವು. ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಿ ಕಾರಿಗೆ ತುಂಬುವ ಪಾಪ ಯಾಕೆ. ಕಾರಿನಲ್ಲೇ ನಿದ್ದೆ ಹೋಗಿದ್ದವರನ್ನು ಎತ್ತಿಕೊಂಡು ಹೋಗಿ ಹಾಸಿಗೆಗೆ ಹಾಕಿದ್ದಷ್ಟೇ. ಬೆಳಿಗ್ಗೆ ಬಿಸಿಲೇರುವ ತನಕ ನೀರಾಟ, ಮಧ್ಯಾಹ್ನ ನೆರಳಲ್ಲಿ ಊಟ, ನಿದ್ದೆ, ಬಿಸಿಲು ತಗ್ಗಿದ ಮೇಲೆ ಪುಟಾಣಿ ರೈಲು. ಇದು ನನ್ನ ಲೆಕ್ಕಾಚಾರ. ಶಶಿಗೆ ನಗು. "ಅಲ್ಲಮ್ಮ, ಅಷ್ಟು ದೂರ ಹೋಗಿ ಮಲ್ಕೊಂಡು ಬರೋದಾ?" ಅಂದ. "ಅಟ್ಟದ ಮೇಲಿನ ಕಾಯಿನ ದಿನಾ ಅಲ್ಲಾಡಿಸಿದ್ರೆ ಕೊಬ್ಬರಿ ಆಗುತ್ತೇನೋ? ವ್ಯಾಪಾರದಲ್ಲಿ ಗೊತ್ತಿರೋದು ಮಕ್ಕಳ ವಿಷಯದಲ್ಲಿ ಯಾಕೋ ಮರೀತೀಯ" ಅಂದೆ.

ಏನು ಹೇಳಲಿ ನಂದಿತಾ, ಆ ನೀರು, ಆ ಗದ್ದಲ. ಗಗನ್ ಅಂತೂ ನೆಲದ ಮೇಲೆ ಕಾಲಿಡಲಿಲ್ಲ. ನೀನು ನಗಬೇಡ, ನಾನೂ ಬಾಡಿಗೆಯ ಡ್ರೆಸ್ ಹಾಕಿಕೊಂಡು ಜಾರುಬಂಡೆಯಲ್ಲಿ ಜಾರಿದೆ. ಅರವತ್ತಕ್ಕೆ ಅರಳು ಮರುಳು ಅಂತಾರಲ್ಲ, ನನಗೆ ಎರಡು ವರ್ಷ ಮೊದಲೇ ಬಂತು. ಕೆಳಗೆ ಬಂದು ಬಿದ್ದಾಗ ಲಾಸ್ಯ ಚಪ್ಪಾಳೆ ತಟ್ಟಿ, "ಅಜ್ಜಿ ಮುಳುಗೋಯ್ತು, ಇನ್ನೊಂದ್ಸಲ" ಅಂದಳು. ಇನ್ನೊಂದು ಸಲವೂ ಮುಳುಗಿದೆ.

ಕಷ್ಟ ಬಂದಿದ್ದು ಮಧ್ಯಾಹ್ನ. ನನ್ನ ಲೆಕ್ಕಾಚಾರದ ಹೊತ್ತಿಗೆ ಸರಿಯಾಗಿ ದೊಡ್ಡ ಜಾರುಬಂಡೆಯ ಸಾಲು ಕರಗಿತು. ಗಗನ್ ಅಪ್ಪನ ಕೈ ಜಗ್ಗತೊಡಗಿದ. ಶಶಿಯ ಮುಖ ನೋಡಬೇಕಿತ್ತು, ಮಗನಿಗಿಂತ ಅವನೇ ಚಿಕ್ಕವನು. "ಇದೊಂದು ಮುಗಿಸ್ಕೊಂಡು ಬಂದುಬಿಡ್ತೀವಮ್ಮ" ಅಂದ. ಲಾಸ್ಯ ಆಗಲೇ ಕಣ್ಣು ಉಜ್ಜಿಕೊಂಡು ಕೊಸರುತ್ತಿದ್ದಳು. ಇನ್ನು ಹಳೇಬೀಡಿನ ಕಥೆಯೇ ಅಂದುಕೊಂಡೆ.

ಆಗ ನಮ್ಮನ್ನು ಕಾಪಾಡಿದ್ದು ಜೊತೆಗೆ ಬಂದಿದ್ದ ನನ್ನ ಅತ್ತೆ ಬಸಮ್ಮನವರು. ಗೊತ್ತಲ್ಲ, ಎಂಬತ್ತು ದಾಟಿದರೂ ಲಿಂಗಪೂಜೆ ಮಾಡದೆ ಒಂದು ತುತ್ತು ಮುಟ್ಟುವವರಲ್ಲ. ಹೊಂಗೆ ಮರದ ಕೆಳಗೆ ತಾವು ತಂದಿದ್ದ ಮಣೆ ಹಾಕಿ ಕೂತೇಬಿಟ್ಟರು. "ಪೂಜೆ ಹೊತ್ತಾಯ್ತು, ಎಲ್ರೂ ಕೂತ್ಕಳಿ" ಅಂದರು. "ಇಲ್ಲೆಲ್ಲಿ ಪೂಜೆ ಅಜ್ಜಿ?" ಅಂತ ಶಶಿ. "ಯಾಕ್ಲಾ, ಶಿವನ್ನ ನಾನೇನು ಮನೇಲಿ ಬಿಟ್ ಬಂದಿದ್ದೀನಾ? ಎದೆ ಮೇಲೇ ಅವ್ನೆ" ಅಂದು ಕೊರಳಿನ ಕರಡಿಗೆ ಬಿಚ್ಚಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡ ಮೇಲೆ ಅವರ ಮುಂದೆ ಯಾರು ತಾನೇ ಎದ್ದು ಹೋಗುತ್ತಾರೆ? ನಮ್ಮ ಮನೆಯಲ್ಲಿ ಆಗ ಸೌಟು ಕೂಡ ಸದ್ದು ಮಾಡುವುದಿಲ್ಲ. ನೀನು ಕಲಿಸಿದ್ದು ನೋಡು, ಗಗನ್ ತಾನಾಗಿಯೇ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದ.

ಅಷ್ಟರಲ್ಲಿ ಒಬ್ಬ ಸೆಕ್ಯೂರಿಟಿಯವನು ಬಂದು, "ಅಮ್ಮ, ಇಲ್ಲೆಲ್ಲ ಪೂಜೆಗೀಜೆ ಮಾಡಂಗಿಲ್ಲ" ಅಂದ. ಪೂಜೆಗೆ ಕೂತವರು ಉತ್ತರ ಕೊಡುತ್ತಾರೆಯೇ? ಅವನು ಕಾದ. ಕಾಯುತ್ತಾ ಕಾಯುತ್ತಾ ಟೋಪಿ ತೆಗೆದ. ಪೂಜೆ ಮುಗಿಯುವ ಹೊತ್ತಿಗೆ ಮಕ್ಕಳಿಬ್ಬರೂ ಮಲಗಿದ್ದರು. ಅವನು ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಕೂಗಾಡಿಕೊಂಡು ಬರುತ್ತಿದ್ದ ಕಾಲೇಜು ಹುಡುಗರನ್ನು, "ಆ ಕಡೆಯಿಂದ ಹೋಗ್ರಪ್ಪ, ಮಕ್ಕಳು ಮಲಗವ್ರೆ" ಅಂತ ತಿರುಗಿಸಿ ಕಳಿಸಿದ.

ಮಕ್ಕಳು ಎದ್ದ ಮೇಲೆ ಮೊಸರನ್ನ ತಿಂದರು ನೋಡು, ಡಬ್ಬಿ ತೊಳೆದಿಟ್ಟ ಹಾಗಾಯಿತು. ಸಂಜೆ ಪುಟಾಣಿ ರೈಲಿಗೆ ಬಸಮ್ಮನವರೂ ಹತ್ತಿದರು. ಗಗನ್ ಆ ದೊಡ್ಡ ಜಾರುಬಂಡೆಯನ್ನೂ ಬಿಡಲಿಲ್ಲ, ಆಗ ಸಾಲು ಇನ್ನಷ್ಟು ಚಿಕ್ಕದಾಗಿತ್ತು. ನಾನು ಗೆದ್ದೆ ಅಂತ ಶಶಿಯೇ ಒಪ್ಪಿಕೊಂಡ. ನನಗಾದ ಸಂತೋಷ ಬರೆದು ಮುಗಿಯುವುದಿಲ್ಲ ಮಗಳೇ. ಎಷ್ಟೋ ದಿನದ ಮೇಲೆ ನಮ್ಮ ಕಾರಿನಲ್ಲಿ ಮಕ್ಕಳ ಜಗಳ ಕೇಳಿಸಿತು.

ಈಗ ಕೇಳುವುದು ಕೇಳಿಬಿಡುತ್ತೇನೆ. ದಸರಾ ರಜೆಗೆ ನಾಲ್ಕು ದಿನ ಕಳಿಸಿಕೊಡುತ್ತೀಯಾ? ಇಲ್ಲ ಅಂದರೂ ನಾನು ಮುನಿಸಿಕೊಳ್ಳುವವಳಲ್ಲ. ನಿನ್ನ ಅಪ್ಪ ಅಮ್ಮನಿಗೆ ನನ್ನ ಶರಣು ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಆ ಸ್ಕೂಲಿನ ಪೇಪರುಗಳ ಮುಂದೆ ಕಣ್ಣು ಕಳೆದುಕೊಳ್ಳಬೇಡ. ನಿನಗೂ ಮಕ್ಕಳಿಗೂ ಶಿವ ಒಳ್ಳೆಯದು ಮಾಡಲಿ.

ನಿನ್ನ ಅತ್ತೆ,
ಪುಷ್ಪಲತಾ

ತಾ.ಕ.: ಒಂದು ಬರೆಯಬಾರದು ಅಂದುಕೊಂಡಿದ್ದೆ, ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಅಂದು ಮರದ ಕೆಳಗೆ ಲಾಸ್ಯ ನಿದ್ದೆಗಣ್ಣಿನಲ್ಲಿ ಕೈಯಾಡಿಸಿ ಏನೋ ಹುಡುಕುತ್ತಿದ್ದಳು. ನನ್ನ ಕಿವಿ ಹಿಡಿದಳು, ಓಲೆ ಚುಚ್ಚಿತೇನೋ, ಬಿಟ್ಟಳು. ಶಶಿ ಬಗ್ಗಿದ. ಅವನ ಕಿವಿ ಬಿಗಿಯಾಗಿ ಹಿಡಿದು ಮಲಗಿಬಿಟ್ಟಳು. "ಇವಳು ಹಿಂಗೆ ಮಲಗ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲಮ್ಮ" ಅಂದ, ಮೆಲ್ಲಗೆ. ಮಲಗಿದ್ದಾನೆ ಅಂದುಕೊಂಡಿದ್ದ ಗಗನ್ ಕಣ್ಣು ಮುಚ್ಚಿಕೊಂಡೇ ಹೇಳಿದ, "ಮೊದಲು ಹಿಂಗೆ ಮಲಗ್ತಿರ್ಲಿಲ್ಲ ಅಪ್ಪ. ಬೇಲೂರಿಗೆ ಹೋದ್ಮೇಲೆ ಶುರು ಮಾಡಿದ್ಲು. ಅವಳು ಮಲಗಿದಾಗ ಅಮ್ಮಾನೂ ಎದ್ದು ಹೋಗ್ಬಾರ್ದು ಅಂತ." ಯಾರ ತಪ್ಪು ಅಂತ ನಾನು ಬರೆಯುತ್ತಿಲ್ಲ. ಕೈ ಬಿಡಿಸ್ಕೊಳ್ಳೋ, ಕತ್ತು ನೋಯುತ್ತೆ ಅಂದೆ. ಬೇಡ ಅಂತ ತಲೆಯಾಡಿಸಿದ. ಅವಳಾಗಿ ಕೈ ಬಿಡುವ ತನಕ ನನ್ನ ಮಗ ಬಗ್ಗಿದ ತಲೆ ಎತ್ತಲಿಲ್ಲ.