‘ಯಾರೂ ಇಲ್ಲ ಸರ್’ ಎಂದ ದಿನ

ಅಮ್ಮಾ,

ನೀನು ಹೋದಮೇಲೆ ಮತ್ತೆ ನೀಟ್‌ಗೆ ಅರ್ಜಿ ಹಾಕಿದ್ದೇನೆ. ಬೆಳಿಗ್ಗೆ ಗೋಣಿಕೊಪ್ಪಲಿನ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತೇನೆ, ಸಂಜೆ ಮಕ್ಕಳಿಗೆ ಟ್ಯೂಷನ್, ಭಾನುವಾರ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್. ಓದುವುದಕ್ಕೆ ಸಿಗುವುದು ಮಧ್ಯಾಹ್ನ ಒಂದೇ ಒಂದು ಗಂಟೆ.

ಇವತ್ತು ಆ ಗಂಟೆಯ ಆಸೆಗೆ ಟೋಕನ್ ಪುಸ್ತಕವನ್ನು ಹತ್ತು ನಿಮಿಷ ಮೊದಲೇ ಮುಚ್ಚಿದ್ದೆ. ಆಗ ತಿತಿಮತಿಯಿಂದ ಚೋಮಿ ಚಿಕ್ಕಮ್ಮ ಬಂದರು. ಎಸ್ಟೇಟ್ ಕೆಲಸದವರ ಲೈನಿನಲ್ಲಿ ನಮ್ಮ ಪಕ್ಕದ ಮನೆಯವರು, ನಿನ್ನ ಜೊತೆ ವರ್ಷಗಟ್ಟಲೆ ಕಾಫಿ ಕುಯ್ದವರು. ಎದೆ ಹಿಡಿದುಕೊಂಡು ನಿಂತಿದ್ದರು.

“ಡಾಕ್ಟ್ರು ಹೋದ್ರು, ನಾಳೆ ಬನ್ನಿ” ಅಂದುಬಿಟ್ಟೆ.

“ಆಯ್ತು ಮಗಾ, ನಿಂಗೂ ಓದೋದಿರ್ತದೆ” ಅಂದರು.

ಅಷ್ಟರಲ್ಲಿ ಒಳಗಿನಿಂದ ಡಾಕ್ಟರು, “ತುಳಸಿ, ಇನ್ನೂ ಯಾರಾದ್ರೂ ಇದ್ದಾರಾ?” ಎಂದು ಕೂಗಿದರು. ಚಿಕ್ಕಮ್ಮ ನನ್ನ ಮುಖ ನೋಡಿದರು. ಗೋಡೆ ಹಿಡಿದು ಮೆಟ್ಟಿಲು ಇಳಿದರು.

“ಯಾರೂ ಇಲ್ಲ ಸರ್” ಎಂದೆ.

ಪುಸ್ತಕ ತೆರೆದರೆ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಓಡಿಹೋಗಿ ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆತಂದೆ. ಇಸಿಜಿ ನೋಡಿದ ಡಾಕ್ಟರು ಕೂಡಲೇ ಆಂಬುಲೆನ್ಸ್ ತರಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು.

“ಈ ಹುಡುಗಿನೇ ಓಡ್ಬಂದು ಕರ್ಕೊಂಡು ಬಂದ್ಳು ಡಾಕ್ಟ್ರೇ” ಎಂದರು ಚಿಕ್ಕಮ್ಮ, ಮಲಗಿದ್ದಲ್ಲಿಂದಲೇ. “ಅವಳಮ್ಮ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಳೋ.”

ನಾನು ತಲೆ ಎತ್ತಲಿಲ್ಲ. ನೀನು ಹೋದ ಆ ಭಾನುವಾರ ಎದೆನೋವು ಅಂದ ನಿನಗೆ, ಪುಸ್ತಕದಿಂದ ಕಣ್ಣು ತೆಗೆಯದೆ ನಾನು “ನಾಳೆ ನೋಡೋಣ” ಅಂದಿದ್ದು ಲೈನಿನಲ್ಲಿ ಯಾರಿಗೂ ಗೊತ್ತಿಲ್ಲ.