ಪಿಕಾಡಿಲಿಯಲ್ಲಿ ನೀವು ನಡೆದ ಶನಿವಾರ

ಅಪ್ಪಾ,

ತೀರ್ಥರೂಪ, ಶಿರಸಾಷ್ಟಾಂಗ ಎಂದೆಲ್ಲ ಶುರು ಮಾಡಿದರೆ ನೀವು ನಗುತ್ತೀರಿ. ಅದಕ್ಕೇ ಬರೀ ಅಪ್ಪಾ. ನೀವು ಹೋಗಿ ಆರು ವರ್ಷವಾಗುತ್ತ ಬಂತು. ನಾವು ಲಂಡನ್ನಿನ ರೇನರ್ಸ್ ಲೇನಿನ ಅದೇ ಮನೆಯಲ್ಲಿದ್ದೇವೆ. ಇವತ್ತು ನನಗೆ ಆಸ್ಪತ್ರೆಯ ಡ್ಯೂಟಿ ಇಲ್ಲ. ನಿಮಗೆ ಹೇಳಬೇಕಾದ ಸುದ್ದಿಗಳಿವೆ. ಆದರೆ ಪೆನ್ನು ಹಿಡಿದ ಕೂಡಲೇ ಮೊದಲು ನೆನಪಾದದ್ದು ಎರಡು ಸಾವಿರದ ಮೂರರ ಆ ಫೆಬ್ರುವರಿಯ ಶನಿವಾರ.

ಧಾರವಾಡದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವಾಗ ದಿನಾ ಬೆಳಿಗ್ಗೆ ಕರಿಹಲಗೆಯ ಮೂಲೆಯಲ್ಲಿ, ಆ ತಾರೀಖಿನಂದು ಹಿಂದೆ ಏನು ನಡೆದಿತ್ತೆಂದು ಬರೆಯುತ್ತಿದ್ದಿರಿ. ಅವ್ವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿರಿ. ಇಲ್ಲಿ ಕರಿಹಲಗೆ ಇರಲಿಲ್ಲ, ಮೇಘಾ ಇದ್ದಳು. ಸೀರಿಯಲ್ ಬಟ್ಟಲು ಮುಂದಿಟ್ಟುಕೊಂಡು ನಿಮ್ಮ ಮೊಮ್ಮಗಳು ಕೇಳುತ್ತಿದ್ದಳು, “ಅಜ್ಜಾ, ವಾಟ್ ಹ್ಯಾಪನ್ಡ್ ಟುಡೇ?” ನೀವು ಕನ್ನಡದಲ್ಲಿ ಹೇಳುವಿರಿ, ಅವಳು ಇಂಗ್ಲಿಷಿನಲ್ಲಿ ಮರುಪ್ರಶ್ನೆ ಹಾಕುವಳು. ಪ್ಯಾರಿಸಿನ ಸೆರೆಮನೆ ಒಡೆದದ್ದು, ದಂಡಿಯಲ್ಲಿ ಉಪ್ಪು ಎತ್ತಿದ್ದು, ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದು. ಕ್ವಿಟ್ ಇಂಡಿಯಾ ಚಳವಳಿಯ ಆಗಸ್ಟ್ ಒಂಬತ್ತು ಬಂದಾಗ ಮಾತ್ರ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಿರಿ. ಯಾಕೆಂದು ನಾನು ಎಂದೂ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಟೀವಿ ಹಚ್ಚಿದರೆ ಇರಾಕಿನದೇ ಮಾತು. ಯುದ್ಧ ಬೇಡವೆಂದು ಲಂಡನ್ನಿನಲ್ಲಿ ದೊಡ್ಡ ಮೆರವಣಿಗೆ ಹೊರಡುತ್ತದೆ ಎಂದಾಗ, ಶುಕ್ರವಾರ ಊಟದ ಹೊತ್ತಿಗೆ ನೀವು ತಣ್ಣಗೆ ಹೇಳಿದಿರಿ, “ಸುಧಾ, ನಾಳೆ ನಾನೂ ಹೋಗಾಂವ ಇದ್ದೀನಿ.”

ಪ್ರಕಾಶ್ ಕೈತುತ್ತು ಅಲ್ಲೇ ನಿಲ್ಲಿಸಿದರು. “ಬೇಡ ಮಾವ. ಈ ಚಳೀಲಿ, ಅಷ್ಟು ಜನದ ಮಧ್ಯೆ... ನಮ್ಮ ಸಿಟಿಜನ್‌ಷಿಪ್ ಅರ್ಜಿ ಬೇರೆ ಇನ್ನೂ ಹೋಮ್ ಆಫೀಸಲ್ಲಿದೆ. ಟೀವೀಲಿ ಯಾರದಾದ್ರೂ ಕಣ್ಣಿಗೆ ಬಿದ್ರೆ?”

“ನಿಮ್ಮ ಮೊಣಕಾಲು ಒಪ್ಪಬೇಕಲ್ಲ, ಅಪ್ಪಾ” ಎಂದು ನಾನೂ ಸೇರಿಸಿದೆ.

ನೀವು ಸಿಟ್ಟಾಗಲಿಲ್ಲ. ನೀರು ಕುಡಿದು ಹೇಳಿದಿರಿ. “ನಲವತ್ತೆರಡರಾಗ ಅಣ್ಣ ಮೆರವಣಿಗಿಗೆ ಹೊಂಟಾಗ ನಾನೂ ಹೊಂಟಿದ್ದೆ. ಹದಿನಾಲ್ಕು ವರ್ಷದ ಹುಡುಗ. ನಮ್ಮಪ್ಪ ನನ್ನ ಖೋಲ್ಯಾಗ ದಬ್ಬಿ ಚಿಲಕಾ ಹಾಕಿದ. ಅಣ್ಣ ಜೇಲಿಗೆ ಹೋದ. ನಾ ಕಿಡಕಿ ಹಿಡಕೊಂಡು ಘೋಷಣಾ ಕೇಳಿದೆ, ಅಷ್ಟ. ಮುಂದ ಜನ್ಮಪೂರ್ತಿ ಅದನ್ನ ಪಾಠ ಮಾಡಿದೆ.” ಆಮೇಲೆ ನಮ್ಮಿಬ್ಬರನ್ನೂ ನೋಡಿದಿರಿ. “ಈಗ ನೀವೂ ಚಿಲಕಾ ಹಾಕ್ತೀರೇನು?”

ಅಪ್ಪನಾಗಿ, ಮಾಸ್ತರರಾಗಿ ಮಾತ್ರ ನಿಮ್ಮನ್ನು ಬಲ್ಲವಳು ನಾನು. ಒಳಗೆ ಕೂಡಿಹಾಕಿದ ಆ ಹುಡುಗನನ್ನು ಎಲ್ಲಿ ಅಡಗಿಸಿಟ್ಟಿದ್ದಿರಿ, ಅಪ್ಪಾ?

ಬೆಳಿಗ್ಗೆ ಎದ್ದು ಬಂದರೆ ಪ್ರಕಾಶ್ ಆಗಲೇ ಫ್ಲಾಸ್ಕಿಗೆ ಚಹಾ ತುಂಬುತ್ತಿದ್ದರು. ಮೇಘಾ ನೆಲದ ಮೇಲೆ ರಟ್ಟು ಹರಡಿ, ನೀವು ಬರೆದುಕೊಟ್ಟ ಅಕ್ಷರಗಳನ್ನು ಚಿತ್ರ ಬಿಡಿಸಿದಂತೆ ದಪ್ಪಗೆ ತಿದ್ದುತ್ತಿದ್ದಳು: ಯುದ್ಧ ಬ್ಯಾಡ. ಬೇಡ ಎಂದಾಗಬೇಕಲ್ಲವೇ ಎಂದೆ. “ಲಂಡನ್ನಿನ್ಯಾಗ ಯಾರ ತಪ್ಪು ಹಿಡೀತಾರ?” ಎಂದಿರಿ. ಮಂಕಿ ಕ್ಯಾಪು, ನನ್ನ ಹಳೆಯ ಮಫ್ಲರು, ಪ್ರಕಾಶರ ಉದ್ದನೆಯ ಕೋಟು ತೊಟ್ಟು ನೀವು ಹೊರಟಿರಿ, ಜೊತೆಗೆ ನಾನು ಮತ್ತು ಮೇಘಾ. ಟ್ಯೂಬ್ ರೈಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಮಗೆ ಜಾಗ ಕೊಟ್ಟಳು. ಅವಳ ಕೈಯಲ್ಲೂ ಒಂದು ರಟ್ಟಿತ್ತು.

ಗ್ರೀನ್ ಪಾರ್ಕ್ ಸ್ಟೇಷನ್ನಿನಲ್ಲಿ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಪಿಕಾಡಿಲಿ ರಸ್ತೆಯೇ ಕಾಣಲಿಲ್ಲ, ಬರೀ ಜನ. ನೀವು ಒಂದು ಗಳಿಗೆ ಗೋಡೆ ಹಿಡಿದು ನಿಂತಿರಿ. ಆಮೇಲೆ ನೇರವಾಗಿ ಒಬ್ಬ ಪೊಲೀಸನ ಬಳಿ ಹೋಗಿ, ನಮ್ಮನ್ನು ತಡೆಯುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಿರಿ. ಅವನು “ಇಲ್ಲ ಸರ್, ಫುಟ್‌ಪಾತಿನ ಅಂಚು ನೋಡಿಕೊಳ್ಳಿ” ಎಂದು ನಿಮ್ಮ ಮೊಳಕೈ ಹಿಡಿದು ಕೆಳಗಿಳಿಸಿದ. ನೀವು ನನ್ನ ಕಡೆ ತಿರುಗಿದಿರಿ. ಆಮೇಲೆ ರಟ್ಟನ್ನು ತಲೆಯ ಮೇಲೆತ್ತಿ ಹಿಡಿದಿರಿ.

ಮೆರವಣಿಗೆ ಮುಗಿಯುವ ಹೈಡ್ ಪಾರ್ಕು ಇನ್ನೂ ದೂರವಿರುವಾಗಲೇ ಮೊಣಕಾಲು ಕೈಕೊಟ್ಟಿತು. ವೇಲ್ಸಿನಿಂದ ಬಂದ ಒಬ್ಬ ಮುದುಕಿ ತನ್ನ ಮಡಚುವ ಸ್ಟೂಲು ಬಿಡಿಸಿ ನಿಮ್ಮನ್ನು ಕೂರಿಸಿದಳು. ನಿಮ್ಮ ರಟ್ಟು ತಾನು ಎತ್ತಿ ಹಿಡಿದು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಹೇಳಿದಿರಿ. “ಹಾಗಾದರೆ ಇನ್ನೂ ಸ್ವಲ್ಪ ಹೊತ್ತು ನಾನೇ ಹಿಡಿದಿರುತ್ತೇನೆ” ಎಂದಳು. ಇಬ್ಬರೂ ಫ್ಲಾಸ್ಕಿನ ಚಹಾ ಕುಡಿದಿರಿ. ವಾಪಸು ಹೋಗೋಣವೆಂದು ನಾನು ಹಟ ಹಿಡಿದೆ.

“ಇಷ್ಟು ಬಂದೀವಿ. ಬಾಗಲದ ತನಕ ಬ್ಯಾಡೇನು?” ಎಂದಿರಿ.

ಒಂದು ಕಡೆ ನಾನು, ಇನ್ನೊಂದು ಕಡೆ ಮೇಘಾ, ಮುಂದೆ ರಟ್ಟು ಹಿಡಿದ ಆ ಮುದುಕಿ. ಹೈಡ್ ಪಾರ್ಕಿನ ಗೇಟು ದಾಟಿ ಹುಲ್ಲಿನ ಮೇಲೆ ಕಾಲಿಟ್ಟಾಗ ನೀವು ಮಂಕಿ ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡಿರಿ. ಅಷ್ಟು ಚಳಿಯಲ್ಲೂ ಹಾಕಿಕೊಳ್ಳಿರೆಂದು ನಾನು ಹೇಳಲಿಲ್ಲ.

ಮುಂದಿನ ತಿಂಗಳೇ ಯುದ್ಧ ಶುರುವಾಯಿತು. ಟೀವಿಯಲ್ಲಿ ಬಾಗ್ದಾದ್ ಉರಿಯುವುದನ್ನು ನೋಡುತ್ತ, ನಡೆದು ಏನು ಬಂತು ಎಂದು ನಾನು ಬೇಸರದಿಂದ ಕೇಳಿದೆ. ನೀವು ಟೀವಿ ಆರಿಸಿ ಹೇಳಿದಿರಿ. “ನಲವತ್ತೆರಡರಾಗ ನಡದವರಿಗೂ ಮರುದಿನ ಏನೂ ಸಿಗಲಿಲ್ಲವ್ವಾ. ಆದ್ರ ಮನ್ಯಾಗ ಕೂತಾಂವಗ ನಡದೆ ಅನ್ನೂದೂ ಇಲ್ಲ.” ಅದೇ ವರ್ಷ ನವೆಂಬರಿನಲ್ಲಿ, ನಿದ್ದೆಯಲ್ಲೇ, ನೀವು...

ಇರಲಿ. ಈಗ ನೀವು ಕೇಳದ ಸುದ್ದಿ. ನಮ್ಮ ಸೈನಿಕರು ಈ ಬೇಸಿಗೆಯಲ್ಲಿ ಇರಾಕಿನಿಂದ ವಾಪಸು ಬಂದರು. ನೋಡಿ, ‘ನಮ್ಮ’ ಎಂದು ಬರೆದುಬಿಟ್ಟೆ. ಪಾಸ್‌ಪೋರ್ಟ್ ಬಂತು, ಮೆರವಣಿಗೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಆ ಯುದ್ಧಕ್ಕೆ ಯಾಕೆ ಹೋದಿರೆಂದು ಸರ್ಕಾರದ ದೊಡ್ಡವರನ್ನು ಕೂರಿಸಿ ಕೇಳುವ ವಿಚಾರಣೆಯೂ ಶುರುವಾಗಲಿದೆ.

ಮೇಘಾ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾಳೆ. ಮೆಡಿಸಿನ್ ಅಲ್ಲ, ಇತಿಹಾಸ. ಪ್ರಕಾಶ್ ಕೆಲವು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ತಾವೇ ಕಾರಿನಲ್ಲಿ ಕೂರಿಸಿಕೊಂಡು ಕಾಲೇಜು ತೋರಿಸಲು ಕರೆದೊಯ್ದರು. ಇತಿಹಾಸವೇ ಯಾಕೆ ಎಂದು ಅಲ್ಲಿಯ ಪ್ರೊಫೆಸರ್ ಕೇಳಿದರಂತೆ.

“ನೀನೇನಂದೆ?” ಎಂದು ಕೇಳಿದೆ.

ಮೇಘಾ ಶೂ ಬಿಚ್ಚುತ್ತ ಹೇಳಿದಳು. “ಹೇಳ್ದೆ ಅಮ್ಮ. ಮೈ ಅಜ್ಜ ದಿನಾ ನಂಗೆ ಹಿಸ್ಟರಿ ಹೇಳ್ತಿದ್ರು. ಒನ್ ಡೇ ಹಿ ವಾಕ್ಡ್ ಇನ್‌ಟು ಇಟ್. ನಾನು ಅವರ ಕೈ ಹಿಡ್ಕೊಂಡಿದ್ದೆ ಅಂತ.”

ನಿಮ್ಮ
ಸುಧಾ